‘ಕಪಾಟು’ ಇಂಗ್ಲಿಷಿನಿಂದ ಬಂದ ಪದವಲ್ಲ

ಮಾನ್ಯ ಸಂಪಾದಕರೇ,

ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮೊಮ್ಮಗಳ ಕನ್ನಡ ಟಿಪ್ಪಣಿ ಪುಸ್ತಕದಲ್ಲಿ ಅನ್ಯದೇಶ್ಯ ಪದಗಳ ಪಟ್ಟಿಯೊಂದಿದೆ. ಬಸ್ಸು, ಕೋರ್ಟುಗಳ ಸಾಲಿನಲ್ಲಿ ‘ಕಪಾಟು’ ಪದವನ್ನೂ ಸೇರಿಸಿ, ಇದು ಇಂಗ್ಲಿಷಿನ ‘ಕಬರ್ಡ್’ನಿಂದ ಬಂದದ್ದೆಂದು ಬರೆಸಿದ್ದಾರೆ. ತಿಳಿದವರ ಬಾಯಲ್ಲೂ ಈ ಮಾತನ್ನು ಕೇಳಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಸಂಸ್ಕೃತದಲ್ಲಿ ಕಪಾಟವೆಂದರೆ ಬಾಗಿಲ ಕದ. ಹಳೆಯ ಸಂಸ್ಕೃತ ನಿಘಂಟಾದ ಅಮರಕೋಶದಲ್ಲಿ ಊರು-ಮನೆಗಳ ಪದಗಳಿರುವ ಪುರವರ್ಗವು ಕಪಾಟ, ಅರರ ಎಂಬೆರಡು ಪದಗಳನ್ನು ಸಮಾನಾರ್ಥಕಗಳೆಂದು ಹೇಳಿ, ಆ ಕದವನ್ನು ಬಿಗಿಯುವ ಅಗುಳಿಗೆ ಅರ್ಗಲವೆಂಬ ಹೆಸರನ್ನೂ ಅಲ್ಲಿಯೇ ಕೊಡುತ್ತದೆ. ಕೇದಾರನಾಥದ ಗುಡಿಯ ಬಾಗಿಲು ತೆರೆದಾಗ ಹಿಂದಿ ಪತ್ರಿಕೆಗಳು ಇಂದಿಗೂ ‘ಕಪಾಟ್’ ತೆರೆಯಿತೆಂದೇ ಬರೆಯುತ್ತವೆ. ಇದರ ಇನ್ನೊಂದು ರೂಪವಾದ ಕವಾಟವು ಈಗ ನಮ್ಮಲ್ಲಿ, ರಕ್ತವನ್ನು ಒಂದೇ ದಿಕ್ಕಿಗೆ ಬಿಡುವ ಹೃದಯದ ಕವಾಟವಾಗಿ ಉಳಿದುಕೊಂಡಿದೆ.

ಕದದ ಹೆಸರು ಕದವುಳ್ಳ ಸಾಮಾನಿಗೆ ಅಂಟಿಕೊಂಡದ್ದು ಹೇಗೆಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ. ಧಾರವಾಡ ಸೀಮೆಯ ನಮ್ಮ ಹಳೆಯ ಮನೆಯ ಪಡಸಾಲೆಯ ಗೋಡೆಯಲ್ಲಿ ಎರಡು ಗೂಡುಗಳಿದ್ದವು. ದೀಪವಿಡುವ, ತೆರೆದೇ ಇದ್ದ ಗೂಡನ್ನು ಅಜ್ಜಿ ‘ಮಾಡ’ ಎನ್ನುತ್ತಿದ್ದರು. ಸಾಗವಾನಿಯ ಎರಡು ಕದ ಹಚ್ಚಿ, ಚಿಲಕ ಕೂಡಿಸಿ, ಅವಲಕ್ಕಿಯ ಡಬ್ಬಿಯನ್ನೂ ಹೊಲದ ಕಾಗದಪತ್ರಗಳನ್ನೂ ಇಟ್ಟಿದ್ದ ಇನ್ನೊಂದು ಮಾತ್ರ ಕಪಾಟು. ‘ಕಪಾಟಿನ ಬಾಗಲಾ ಹಾಕೋ’ ಎಂದು ಅವರು ಕೂಗುವಾಗ, ಅದು ಬಾಗಿಲಿನ ಬಾಗಿಲು ಎಂದಂತಾಗುತ್ತಿದೆಯೆಂದು ನಮಗಾರಿಗೂ ಹೊಳೆದಿರಲಿಲ್ಲ.

ಈ ಅರ್ಥದಲ್ಲಿ ಪದವು ನಮಗೆ ಮರಾಠಿಯ ಮೂಲಕ ಬಂದಿರಬೇಕೆಂಬುದು ನನ್ನ ತೀರ್ಮಾನ. ಮರಾಠಿಯಲ್ಲಿ ‘ಕಪಾಟ್’ ಎಂದರೆ ಇದೇ ವಸ್ತು. ನೇರವಾಗಿ ಸಂಸ್ಕೃತದಿಂದ ಬಂದಿದ್ದರೆ ಅದು ‘ಕಪಾಟ’ವೆಂದೇ ಉಳಿಯುತ್ತಿತ್ತು, ವ್ಯಂಜನಾಂತವಾಗಿ ಕಿವಿಗೆ ಬಿದ್ದ ಪದಕ್ಕೆ ಕನ್ನಡವು ಉಕಾರ ಸೇರಿಸಿಕೊಳ್ಳುವುದು ಬಜಾರು, ದುಕಾನು ಮುಂತಾದ ಪದಗಳಲ್ಲಿಯೂ ಕಾಣುತ್ತದೆ. ‘ಕಬರ್ಡ್’ ಎಂಬ ಉಚ್ಚಾರದಲ್ಲಿ ಪಕಾರವೂ ಇಲ್ಲ, ದೀರ್ಘವೂ ಇಲ್ಲ. ಆ ಪದ ಮೊದಲು ಸೂಚಿಸುತ್ತಿದ್ದುದು ಬಟ್ಟಲುಗಳನ್ನು ಜೋಡಿಸಿಡುವ ಹಲಗೆಯನ್ನು, ಅಂದರೆ ತೆರೆದ ಮೇಜನ್ನು. ಬಾಗಿಲಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಪಟ್ಟಿಗೆ ಇಂಥದೇ ಪದವೊಂದು ಬೇಕಿದ್ದರೆ ಅಲಮಾರು ಇದೆ. ಅದರ ಮೂಲ ಪೋರ್ಚುಗೀಸರ ‘ಅರ್ಮಾರಿಯೊ’. ಮಕ್ಕಳಿಂದ ಪಟ್ಟಿ ಬರೆಸುವ ಶಿಕ್ಷಕರು ಕಪಾಟನ್ನು ಅಲ್ಲಿಂದ ತೆಗೆದುಹಾಕಬೇಕೆಂದು ನಿಮ್ಮ ಪತ್ರಿಕೆಯ ಮೂಲಕ ಕೇಳಿಕೊಳ್ಳುತ್ತೇನೆ.

ಇಂತಿ,
ಓದುಗ, ಧಾರವಾಡ