1:1000 ಜಾಸ್ತಿಯೋ, 1:10,000 ಜಾಸ್ತಿಯೋ?

ಸಂಪಾದಕರೇ,

ನಾನು ಬ್ಯಾಡಗಿಯವನು. ಸರ್ಕಾರಿ ಆಸ್ಪತ್ರೆಯ ಔಷಧಿ ಕಿಟಕಿಯ ಹಿಂದೆ 31 ವರ್ಷ ಕೂತು ನಿವೃತ್ತನಾದ ಫಾರ್ಮಾಸಿಸ್ಟ್. ಈಗ ವಾರಕ್ಕೊಮ್ಮೆ ಹುಬ್ಬಳ್ಳಿಗೆ ಹೋಗಿ, ಮುಂದೆ ಆಂಬುಲೆನ್ಸ್‌ನಲ್ಲಿ ಕೆಲಸ ಮಾಡಲಿರುವ ಹುಡುಗ ಹುಡುಗಿಯರಿಗೆ ಔಷಧಿಗಳ ಪಾಠ ಹೇಳುತ್ತೇನೆ.

ಹೋದ ವಾರ ಬೋರ್ಡಿನ ಮೇಲೆ, ತುರ್ತಿನಲ್ಲಿ ಕೊಡುವ ಅಡ್ರಿನಲಿನ್ ಇಂಜೆಕ್ಷನ್ನಿನ ಎರಡು ಬಗೆ, 1:1000, 1:10,000 ಎಂದು ಬರೆದು, ಇದರಲ್ಲಿ ಯಾವುದು ಸ್ಟ್ರಾಂಗ್ ಎಂದು ಕೇಳಿದೆ. ಅರ್ಧಕ್ಕಿಂತ ಜಾಸ್ತಿ ಕೈಗಳು ಹತ್ತು ಸಾವಿರಕ್ಕೆ ಎದ್ದವು. 'ಸರ, ನಂಬರ್ ದೊಡ್ಡದೈತಲ್ರಿ' ಎಂದ ಒಬ್ಬ. ಅವನು ದಡ್ಡನಲ್ಲ. ಪ್ರಮಾಣಗಳನ್ನೆಲ್ಲ ಇಂಗ್ಲಿಷಿನಲ್ಲಿ ಗಿಣಿಪಾಠ ಒಪ್ಪಿಸುತ್ತಾನೆ. ಅದೇ ನನ್ನ ತಕರಾರು.

ಒಂದು ಗ್ರಾಂ ಔಷಧಿ 1000 ಮಿ.ಲೀ.ನಲ್ಲಿದ್ದರೆ 1:1000. ಅಂದರೆ ಮಿ.ಲೀ.ಗೆ 1 ಮಿಲಿಗ್ರಾಂ. ಅದೇ ಒಂದು ಗ್ರಾಂ ಹತ್ತು ಸಾವಿರ ಮಿ.ಲೀ.ನಲ್ಲಿದ್ದರೆ ಹತ್ತು ಪಟ್ಟು ತೆಳು, ನೀರು ಮಜ್ಜಿಗೆ. ಔಷಧಿ ಒಗ್ಗದೆ ಮೈಯೆಲ್ಲ ದದ್ದೆದ್ದು, ಗಂಟಲು ಕಟ್ಟಿ, ಬಿಪಿ ಇಳಿದ ದೊಡ್ಡವರಿಗೆ 1:1000ದ ಅರ್ಧ ಮಿ.ಲೀ., ಅದೂ ತೊಡೆಯ ಹೊರಬದಿಯ ಮಾಂಸಖಂಡಕ್ಕೆ. ಹೃದಯ ನಿಂತವರಿಗೆ 1 ಮಿಲಿಗ್ರಾಂ ರಕ್ತನಾಳಕ್ಕೆ, 3ರಿಂದ 5 ನಿಮಿಷಕ್ಕೊಮ್ಮೆ. ಔಷಧಿ ಒಂದೇ, ದಾರಿ ಬೇರೆ. ತೊಡೆಗೆ ಕೊಡಬೇಕಾದ್ದನ್ನು ಗಡಿಬಿಡಿಯಲ್ಲಿ ರಕ್ತನಾಳಕ್ಕೆ ಏರಿಸಿದರೆ, ಬಡಿಯುತ್ತಿರುವ ಹೃದಯವೇ ಲಯ ತಪ್ಪಬಹುದು. ಅಮೆರಿಕದಲ್ಲಿ 2016ರಿಂದ ಇಂಥ ಇಂಜೆಕ್ಷನ್ನಿನ ಲೇಬಲ್ ಮೇಲೆ ಅನುಪಾತ ಬಿಟ್ಟು, ಮಿ.ಲೀ.ಗೆ ಎಷ್ಟು ಮಿಲಿಗ್ರಾಂ ಎಂದೇ ಬರೆಯುತ್ತಾರೆ.

ಪೊಟೆನ್ಸಿ, ಅಂದರೆ ಎಷ್ಟು ಕಮ್ಮಿ ಔಷಧಿಗೆ ಕೆಲಸ ಆಗುತ್ತದೆ ಎಂಬುದನ್ನು ಹೇಳಲು ನಮ್ಮೂರ ಮೆಣಸಿನಕಾಯಿ ಸಾಕಾಯಿತು. ಬ್ಯಾಡಗಿ ನಾಲ್ಕು ಹಾಕಿದರೂ ಸಾರಿಗೆ ಬಣ್ಣ ಬರುತ್ತದೆಯೇ ಹೊರತು ಖಾರ ಅಷ್ಟಕ್ಕಷ್ಟೆ. ಗುಂಟೂರು ಒಂದು ಬಿದ್ದರೆ ಮೂಗಿನಲ್ಲಿ ನೀರು. ನೋವಿನ ಔಷಧಿಗಳೂ ಹಾಗೇ: ಮಾರ್ಫಿನ್ 10 ಮಿಲಿಗ್ರಾಂ ಮಾಡುವ ಕೆಲಸವನ್ನು ಫೆಂಟನಿಲ್ 100 ಮೈಕ್ರೋಗ್ರಾಂ, ಅಂದರೆ 0.1 ಮಿಲಿಗ್ರಾಂ, ಮಾಡುತ್ತದೆ. ಹಿಂದಿನ ಬೆಂಚಿನ ಹುಡುಗಿ ಕೂಡಲೇ 'ಹಂಗಾದ್ರ ನೂರು ಪಟ್ಟು ರೀ' ಎಂದಳು. 'ಹಾಫ್ ಲೈಫ್' ಎಂದಾಗ ಮಾತ್ರ, ಪೇಷಂಟ್ ಆಯುಷ್ಯ ಅರ್ಧ ಆಗ್ತದೇನ್ರಿ ಎಂದು ಇನ್ನೊಬ್ಬ ಕೇಳಿದ. ನಗಬೇಡಿ, ನೋಟ್ಸ್‌ನಲ್ಲಿ ಅದರ ಅರ್ಥವನ್ನು ಯಾರೂ ಬರೆಸಿಲ್ಲ. ರಕ್ತದಲ್ಲಿರುವ ಔಷಧಿ ಅರ್ಧಕ್ಕಿಳಿಯಲು ಹಿಡಿಯುವ ಹೊತ್ತು ಅದು, ಅಷ್ಟೇ.

ನಮ್ಮ ಹಾವೇರಿ, ಗದಗ ಕಡೆಯ ರೋಗಿಗಳೇ ಬೇರೆ. ಹತ್ತಿ ಹೊಲಕ್ಕೆ ಕೀಟನಾಶಕದ ಎಣ್ಣೆ ಹೊಡೆಯುತ್ತ ಬಿದ್ದವನನ್ನು ಎತ್ತಿಕೊಂಡು ಬರುತ್ತಾರೆ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಪಾಪೆ ಸಾಸಿವೆ ಕಾಳಿನಷ್ಟು, ಎದೆ ಗೊರಗೊರ. ಇಂಥ ಎಣ್ಣೆಯಲ್ಲಿರುವ ಆರ್ಗನೋಫಾಸ್ಫೇಟ್ ವಿಷಕ್ಕೆ ಅಟ್ರೋಪಿನ್ ಇಂಜೆಕ್ಷನ್ ಬೇಕು. ಸಾಮಾನ್ಯ ಆಂಪೂಲಿನಲ್ಲಿ (ಇಂಜೆಕ್ಷನ್ನಿನ ಪುಟ್ಟ ಗಾಜಿನ ಶೀಷೆ) ಇರುವುದು 0.6 ಮಿಲಿಗ್ರಾಂ. ಶುರುವಿಗೇ 3ರಿಂದ 5 ಆಂಪೂಲ್, ಸಾಲದಿದ್ದರೆ 5 ನಿಮಿಷಕ್ಕೊಮ್ಮೆ ದುಪ್ಪಟ್ಟು. 'ಸರ, ಪರೀಕ್ಷೆಗೆ ಒಂದೇ ನಂಬರ್ ಹೇಳ್ರಿ' ಎನ್ನುತ್ತಾರೆ. ಇಲ್ಲಿ ಆ ಒಂದು ನಂಬರ್ರೇ ಇಲ್ಲ. ಪಾಪೆ ಅಗಲವಾಯಿತೆಂದು ನಿಲ್ಲಿಸುವುದೂ ತಪ್ಪು. ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟರೆ ಗೊರಗೊರ ನಿಂತಿರಬೇಕು, ನಾಡಿ 80 ದಾಟಿರಬೇಕು, ಬಿಪಿ ಏರಿರಬೇಕು. ಎಷ್ಟು ಕೊಡಬೇಕೆಂದು ಹೇಳುವವರು ಡಾಕ್ಟರು, ನಿಜ. ಆದರೆ ಓಡುವ ಗಾಡಿಯಲ್ಲಿ ಎದೆಗೆ ಕಿವಿ ಕೊಟ್ಟು ಅವರಿಗೆ ಫೋನಿನಲ್ಲಿ ಹೇಳಬೇಕಾದವರು ಇದೇ ಮಕ್ಕಳು ಅಲ್ವಾ?

ಇಂಥ ತರಬೇತಿ ನಡೆಸುವವರಿಗೆ ನನ್ನದೊಂದು ಕೇಳಿಕೆ. ಔಷಧಿಯ ಹೆಸರು ಇಂಗ್ಲಿಷಿನಲ್ಲೇ ಇರಲಿ, ಅದು ಏನು ಮಾಡುತ್ತದೆ ಎಂಬುದನ್ನು ಕನ್ನಡದಲ್ಲಿ ಹೇಳಿ. ಮಕ್ಕಳ ಕೈಗೆ ಸಿರಿಂಜ್, ನೀರು, ಖಾಲಿ ಆಂಪೂಲ್ ಕೊಟ್ಟು ಅವರೇ ಅಳೆಯಲಿ ಬಿಡಿ. ಯಾರು ಕರೆದರೂ ನಾನು ಬರುತ್ತೇನೆ, ಬಸ್ ಚಾರ್ಜ್ ನನ್ನದೇ. ಮೆಣಸಿನಕಾಯಿ ಮಾರುಕಟ್ಟೆಯ ದಿನ ಮಾತ್ರ ಬೇಡ, ಅವತ್ತು ನಮ್ಮೂರಿನಿಂದ ಹೊರಬೀಳುವುದೇ ಕಷ್ಟ.

ಇಂತಿ,
ನಿವೃತ್ತ ಫಾರ್ಮಾಸಿಸ್ಟ್, ಬ್ಯಾಡಗಿ