ಕತ್ತಿನ ಆಪರೇಷನ್ ಆಯ್ತು, ಆರಾಮಾಗಿದ್ದೇನೆ

ಫೋನ್ ಮಾಡಿ, ಮೆಸೇಜ್ ಹಾಕಿ ವಿಚಾರಿಸಿದ ಎಲ್ಲರಿಗೂ ನಮಸ್ಕಾರ. ಆಗಿದ್ದು ಥೈರಾಯ್ಡ್ ಅಲ್ಲ, ಪ್ಯಾರಾಥೈರಾಯ್ಡ್ ಆಪರೇಷನ್. ಥೈರಾಯ್ಡ್ ಹಿಂದೆ ಅಕ್ಕಿಕಾಳಿನಷ್ಟು ಸಣ್ಣ ಗ್ರಂಥಿಗಳಿರುತ್ತವೆ, ಸಾಮಾನ್ಯವಾಗಿ ನಾಲ್ಕು. ರಕ್ತದ ಕ್ಯಾಲ್ಸಿಯಂ ಹದವಾಗಿ ಇಡೋದು ಅವುಗಳ ಕೆಲಸ. ನನಗೆ ಅದರಲ್ಲೊಂದು ಗಡ್ಡೆಯಾಗಿ, ಮೂಳೆಯ ಕ್ಯಾಲ್ಸಿಯಂ ಎಳೆದು ರಕ್ತಕ್ಕೆ ಸುರಿಯುತ್ತಿತ್ತು. ಕ್ಯಾನ್ಸರ್ ಅಲ್ಲ, ಗಾಬರಿ ಬೇಡ.

ಮೈಕೈ ನೋವು, ಸುಸ್ತು, ಎಷ್ಟು ನೀರು ಕುಡಿದರೂ ಬಾಯಾರಿಕೆ, ಮರೆವು. ಕೇಳಿದವರೆಲ್ಲ ಮುಟ್ಟು ನಿಲ್ಲೋ ವಯಸ್ಸು, ಇದೆಲ್ಲ ಇದ್ದಿದ್ದೇ ಅಂದರು. ಕಿಡ್ನಿಯಲ್ಲಿ ಮತ್ತೆ ಕಲ್ಲಾದಾಗ ಒಬ್ಬ ಡಾಕ್ಟರ್ ಮಾತ್ರ, "ಕಲ್ಲು ಯಾಕೆ ಪದೇ ಪದೇ ಆಗ್ತಿದೆ ಅಂತ ನೋಡೋಣ ಮೇಡಂ" ಅಂತ ಕ್ಯಾಲ್ಸಿಯಂ ಟೆಸ್ಟ್ ಬರೆದುಕೊಟ್ಟರು. ಹೆಚ್ಚೆಂದರೆ 10.5 ಇರಬೇಕಾದ್ದು 12.1 ಇತ್ತು. ಈ ಗ್ರಂಥಿಗಳ ಹಾರ್ಮೋನ್ ಅಳೆಯೋ ಪಿಟಿಎಚ್ ಟೆಸ್ಟ್, ಸ್ಕ್ಯಾನ್ ಎಲ್ಲ ಆಮೇಲೆ. ಸರ್, ಮೊದಲ ಥ್ಯಾಂಕ್ಸ್ ನಿಮಗೇ.

ಕ್ಯಾಲ್ಸಿಯಂ ಜಾಸ್ತಿ ಅಂತ ಕೇಳಿದ ತಕ್ಷಣ ನಮ್ಮತ್ತೆ ನನಗೆ ಹಾಲು, ರಾಗಿಮುದ್ದೆ ಎರಡೂ ಬಂದ್ ಮಾಡಿದ್ದರು! ಊಟದಿಂದ ಬರೋ ಕಾಯಿಲೆ ಅಲ್ಲಮ್ಮ ಅಂತ ಸರ್ಜನ್ ಮೇಡಂ ನಕ್ಕು ಬಿಡಿಸಿ ಹೇಳಿದರು. ದನಿಯ ನರ ಈ ಗ್ರಂಥಿಗಳ ಪಕ್ಕದಲ್ಲೇ ಹೋಗುತ್ತದಂತೆ. ಪಾಠ ಮಾಡೋಳಿಗೆ ದನಿ ಹೋದರೆ ಏನು ಗತಿ ಅಂತ ನನಗೆ ಅದೇ ಚಿಂತೆ. ಗಡ್ಡೆ ತೆಗೆದ ಮೇಲೆ ಹತ್ತು ನಿಮಿಷ ಬಿಟ್ಟು ಮತ್ತೆ ರಕ್ತ ಪರೀಕ್ಷಿಸಿ, ಹಾರ್ಮೋನ್ ಅರ್ಧಕ್ಕಿಂತ ಕೆಳಗಿಳಿದಿದ್ದು ನೋಡಿಯೇ ಹೊಲಿಗೆ ಹಾಕಿದರಂತೆ. ಎಚ್ಚರವಾದಾಗ "ನಿಮ್ಮ ಹೆಸರು ಹೇಳಿ" ಅಂದರು. ಹೇಳಿದೆ. ನನ್ನದೇ ದನಿ!

ಎರಡನೇ ರಾತ್ರಿ ತುಟಿ ಸುತ್ತ ಜುಮುಜುಮು ಶುರುವಾಯಿತು, ಬೆರಳು ಸೆಟೆದುಕೊಂಡವು. ನೈಟ್ ಡ್ಯೂಟಿ ಸಿಸ್ಟರ್ ಓಡಿಬಂದು ಡಾಕ್ಟರಿಗೆ ಫೋನ್ ಮಾಡಿ, ಕ್ಯಾಲ್ಸಿಯಂ ಡ್ರಿಪ್ ನಿಧಾನಕ್ಕೆ ಬಿಟ್ಟರು. "ಇಷ್ಟು ದಿನ ಕಳಕೊಂಡಿದ್ದನ್ನ ಮೂಳೆಗಳು ವಾಪಸ್ ಎಳ್ಕೊಳ್ತಿವೆ ಅಕ್ಕಾ, ಅದಕ್ಕೇ ಹೀಗೆ" ಅಂತ, ಮಾನಿಟರ್ ಮೇಲೆ ಕಣ್ಣಿಟ್ಟು ನನ್ನ ಬೆರಳು ನೀವುತ್ತಾ ಪಕ್ಕದಲ್ಲೇ ಕೂತರು. ಅವರ ಊಟದ ಡಬ್ಬಿ ಮೇಜಿನ ಮೇಲೆ ಅರ್ಧ ತೆರೆದು ಹಾಗೇ ಇತ್ತು. ಆ ಋಣ ನಾನು ಹೇಗೆ ತೀರಿಸಲಿ?

ಈಗ ಮೂಳೆ ಕೊರೆಯೋ ನೋವಿಲ್ಲ. ನಿದ್ದೆ ಬರುತ್ತಿದೆ. ಗೋಡೆ ಹಿಡಿಯದೆ ನೆಲದಿಂದ ಏಳುತ್ತೇನೆ. ಮೂಳೆ ಗಟ್ಟಿಯಾಗಲು ಇನ್ನೂ ಸಮಯ ಬೇಕು. ಮರೆವು ಅಷ್ಟಿಷ್ಟು ಇದ್ದೇ ಇದೆ, ಅದಕ್ಕೇ ನಮ್ಮ ಮನೆಯವರು ಮಾತ್ರೆಗೆ ಅಲಾರಂ ಇಟ್ಟಿದ್ದಾರೆ.

ಸ್ಟಾಫ್‌ರೂಮಿನ ಗೆಳತಿಯರೇ, ನನ್ನ ಪೀರಿಯಡ್‌ಗಳನ್ನೆಲ್ಲ ಗೊಣಗದೆ ಹಂಚಿಕೊಂಡಿರಿ. ಸೋಮವಾರದಿಂದ ಬರುತ್ತೇನೆ, ಎಂಟನೇ ಕ್ಲಾಸಿನ ನೋಟ್‌ಬುಕ್‌ಗಳನ್ನು ನನ್ನ ಮೇಜಿಗೇ ಇಟ್ಟಿರಿ.