ಪ್ರೊಪೊಲಿಸ್ ಬಾಟಲಿಯ ಲೇಬಲ್ ಬದಲಾವಣೆಯ ಕುರಿತು

ಉಡುಪಿ

ಮಾನ್ಯ ಗ್ರಾಹಕರೇ,

ನಮ್ಮ ಸಹಕಾರ ಸಂಘದ ಮಳಿಗೆಯಲ್ಲಿ ದೊರೆಯುವ ಮುಜಂಟಿ (ಕುಟುಕದ ಸಣ್ಣ ಜೇನ್ನೊಣ) ಪ್ರೊಪೊಲಿಸ್, ಅಂದರೆ ಜೇನ್ನೊಣಗಳು ಮರಗಳಿಂದ ತಂದು ಗೂಡಿಗೆ ಬಳಸುವ ಅಂಟಿನ, ದ್ರಾವಣದ ಲೇಬಲ್‌ನಲ್ಲಿದ್ದ ‘ರಕ್ತನಾಳಗಳಿಗೆ ಹಿತಕರ’ ಎಂಬ ಸಾಲು ಮುಂದಿನ ದಾಸ್ತಾನಿನಿಂದ ಇರುವುದಿಲ್ಲ. ದ್ರಾವಣವೂ ಬೆಲೆಯೂ ಹಿಂದಿನಂತೆಯೇ ಇರುತ್ತವೆ. ಆ ಸಾಲನ್ನು ಓದಿಯೇ ಕೊಳ್ಳುವವರೂ ಇರುವುದರಿಂದ ಕಾರಣವನ್ನು ತಿಳಿಸುತ್ತಿದ್ದೇವೆ.

ಇರುವ ರಕ್ತನಾಳದಿಂದ ಹೊಸ ಕವಲು ಒಡೆಯುವುದು ಗಾಯ ಮಾಯಲು ಅಗತ್ಯ. ಕ್ಯಾನ್ಸರ್ ಗಡ್ಡೆ ಬೆಳೆಯುವುದಕ್ಕೂ ಅದೇ ಬೇಕೆಂದು ಅಮೆರಿಕದ ವೈದ್ಯ ಜೂಡಾ ಫೋಕ್‌ಮನ್ 1971ರಲ್ಲಿ ಪ್ರತಿಪಾದಿಸಿದ್ದರು. ಈ ಕವಲಿಗೆ ಪ್ರಚೋದನೆ ನೀಡುವ ಮುಖ್ಯ ಪ್ರೋಟೀನು ವಿಇಜಿಎಫ್. ಪ್ರೊಪೊಲಿಸ್‌ನಲ್ಲಿರುವ ಕೆಫೀಕ್ ಆಸಿಡ್ ಫಿನೆಥೈಲ್ ಎಸ್ಟರ್, ಬ್ರೆಜಿಲ್‌ನ ಹಸಿರು ಪ್ರೊಪೊಲಿಸ್‌ನ ಆರ್ಟೆಪಿಲಿನ್ ಸಿ ಮೊದಲಾದ ಘಟಕಗಳು ಪ್ರಯೋಗಾಲಯದಲ್ಲಿ ಹೊಸ ನಾಳಗಳ ಬೆಳವಣಿಗೆಯನ್ನು ತಗ್ಗಿಸಿವೆ. ಗಾಯಕ್ಕೆ ಹಚ್ಚಿದ ಜೇನುತುಪ್ಪದ ವಿಷಯದಲ್ಲಿ ಕಂಡುಬಂದಿರುವುದು ಹೆಚ್ಚಾಗಿ ಇದಕ್ಕೆ ವಿರುದ್ಧ: ಅಲ್ಲಿ ಹೊಸ ನಾಳಗಳು ಮೂಡಲು ನೆರವಾಗುತ್ತದೆ. ಬೆಳೆಸುವುದೋ ತಡೆಯುವುದೋ ಎಂದು ಹೇಳದೆ ಬರಿದೆ ‘ಹಿತಕರ’ ಎಂದರೆ ಅದು ಯಾರಿಗೆ ಹಿತ ಎಂಬುದೇ ತಿಳಿಯುವುದಿಲ್ಲ.

ನಮ್ಮ ಊರಿನ ಮಟ್ಟಿಗೆ ಇನ್ನೊಂದು ಮಾತಿದೆ. ಮೇಲೆ ಹೇಳಿದ ಎಸ್ಟರ್ ಹೆಚ್ಚಾಗಿ ಸಿಗುವುದು ತಂಪು ಪ್ರದೇಶಗಳಲ್ಲಿ ಜೇನ್ನೊಣಗಳು ಪಾಪ್ಲರ್ ಮರದ ಮೊಗ್ಗಿನಿಂದ ತರುವ ಅಂಟಿನಲ್ಲಿ. ಕರಾವಳಿಯ ತುಡುವೆ ಜೇನ್ನೊಣ ಅಂಟು ಸಂಗ್ರಹಿಸುವುದೇ ಇಲ್ಲವೆನ್ನಬಹುದು. ಮುಜಂಟಿ ಮಾತ್ರ ಹಲಸು, ಮಾವು, ಧೂಪದಂಥ ಮರಗಳ ಅಂಟನ್ನು ತಂದು, ಮೇಣದೊಂದಿಗೆ ಕಲಸಿ ಗೂಡಿನ ಬಾಯಿಗೆ ಕಪ್ಪು ಕೊಳವೆ ಕಟ್ಟುತ್ತದೆ. ಮರ ಬದಲಾದರೆ ಅಂಟಿನ ಘಟಕಗಳೂ ಬದಲಾಗುವುದರಿಂದ ಪರದೇಶದ ಫಲಿತಾಂಶವನ್ನು ನಮ್ಮ ಬಾಟಲಿಗೆ ಅಂಟಿಸಲಾಗದು. ಅಲ್ಲದೆ ಆ ಪ್ರಯೋಗಗಳಲ್ಲಿ ಬಹಳಷ್ಟು ನಡೆದಿರುವುದು ಹೊಕ್ಕುಳಬಳ್ಳಿಯಿಂದ ತೆಗೆದ ಜೀವಕೋಶಗಳ ಮೇಲೆ, ಇಲ್ಲವೇ ಮರಿಯಾಗುತ್ತಿರುವ ಕೋಳಿಮೊಟ್ಟೆಯ ಒಳಪೊರೆಯ ಮೇಲೆ. ಅಲ್ಲಿ ಶುದ್ಧ ಘಟಕವನ್ನು ನೇರವಾಗಿ ಹಾಕುತ್ತಾರೆ; ನೀರಿಗೆ ಬೆರೆಸಿ ಕುಡಿದ ನಾಲ್ಕು ಹನಿಯಾದರೋ ಕರುಳು, ಯಕೃತ್ತುಗಳನ್ನು ದಾಟಿಯೇ ರಕ್ತ ಸೇರಬೇಕು.

ಹೊಸ ಲೇಬಲ್‌ನಲ್ಲಿ ಅಂಟಿನ ಮೂಲ, ದ್ರಾವಕ ಹಾಗೂ ತಯಾರಿಸಿದ ತಿಂಗಳು ಇರುತ್ತವೆ. ಗರ್ಭಿಣಿಯರು, ಶಸ್ತ್ರಚಿಕಿತ್ಸೆಗೆ ಸಿದ್ಧರಾಗುತ್ತಿರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಮತ್ತು ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಬಳಸಬಾರದು. ಜೇನು ಉತ್ಪನ್ನಗಳ ಅಲರ್ಜಿ ಇರುವವರು ಬಳಸಲೇಬಾರದು. ಹಳೆಯ ಲೇಬಲ್‌ನ ಬಾಟಲಿಯನ್ನು ಹಿಂತಿರುಗಿಸಬಯಸುವವರು, ತೆರೆದಿದ್ದರೂ ಸರಿ, ಮಳಿಗೆಗೆ ತಂದುಕೊಟ್ಟರೆ ಪೂರ್ಣ ಹಣ ಮರಳಿಸಲಾಗುವುದು.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ